ಸಭಿಕರ ನಡುವಿನ ಮೈಕು: ಹಳೆಯ ರಾಕ್ ಕಛೇರಿಗಳ ಟೇಪುಗಳನ್ನು ಉಳಿಸಿಕೊಳ್ಳುವ ಬಗೆ

1970ರ ಆಗಸ್ಟ್ 23ರ ರಾತ್ರಿ ನ್ಯೂಯಾರ್ಕಿನ ಮ್ಯಾಕ್ಸಸ್ ಕಾನ್ಸಾಸ್ ಸಿಟಿ ಎಂಬ ಕ್ಲಬ್ಬಿನಲ್ಲಿ ವೆಲ್ವೆಟ್ ಅಂಡರ್‌ಗ್ರೌಂಡ್ ತಂಡದ ಕಾರ್ಯಕ್ರಮವಿತ್ತು. ತಂಡದ ಮುಖ್ಯ ಗಾಯಕ ಲೂ ರೀಡ್ ತಂಡವನ್ನು ಬಿಟ್ಟು ಹೊರಡುವ ಮುನ್ನ ಹಾಡಿದ ಕೊನೆಯ ರಾತ್ರಿ ಅದು. ಕೇಳುಗರಲ್ಲಿ ಒಬ್ಬರಾಗಿದ್ದ ಬ್ರಿಜಿಡ್ ಬರ್ಲಿನ್ ಒಂದು ಸಣ್ಣ ಕ್ಯಾಸೆಟ್ ರೆಕಾರ್ಡರಿನಲ್ಲಿ ಆ ಹಾಡುಗಳನ್ನು ಮುದ್ರಿಸಿಕೊಂಡರು. ವೃತ್ತಿಪರ ಸಲಕರಣೆ ಯಾವುದೂ ಇಲ್ಲದ ಆ ಮೋನೋ ಟೇಪು 1972ರಲ್ಲಿ ಅಧಿಕೃತ ಧ್ವನಿಮುದ್ರಿಕೆಯಾಗಿ ಹೊರಬಂದಾಗ, ಹಾಡುಗಳ ನಡುವೆ ಪಾನೀಯ ತರಿಸಿಕೊಳ್ಳುವವರ ಮಾತು ಕೂಡ ಅದರಲ್ಲಿ ಉಳಿದುಕೊಂಡಿತ್ತು. ಹೀಗೆ ವೇದಿಕೆಯ ಮುಂದೆ, ಜನರ ನಡುವೆ ಕುಳಿತು ಮಾಡಿಕೊಂಡ ಮುದ್ರಣಕ್ಕೆ ಸಂಗ್ರಾಹಕರು ಆಡಿಯನ್ಸ್ ಟೇಪು ಎನ್ನುತ್ತಾರೆ. ಧ್ವನಿ ನಿಯಂತ್ರಿಸುವ ಮಿಕ್ಸರಿನಿಂದ ನೇರವಾಗಿ ತೆಗೆದುಕೊಂಡದ್ದು ಸೌಂಡ್‌ಬೋರ್ಡ್ ಟೇಪು. ಎರಡನೆಯದರಲ್ಲಿ ವಾದ್ಯಗಳು ಸ್ಪಷ್ಟವಾಗಿರುತ್ತವೆ, ಆದರೆ ಸಭಾಂಗಣವೇ ಇರುವುದಿಲ್ಲ. ಮೊದಲನೆಯದರಲ್ಲಿ ಗೋಡೆಗಳ ಪ್ರತಿಧ್ವನಿ, ಜನರ ಕೂಗು, ಸ್ಪೀಕರುಗಳಿಂದ ಹೊರಟ ನಾದ ಗಾಳಿಯಲ್ಲಿ ಸಾಗಿ ಬಂದ ರೀತಿ ಎಲ್ಲವೂ ಇರುತ್ತವೆ.

ಇಂತಹ ಟೇಪುಗಳೆಲ್ಲ ಕಳಪೆ ಗುಣಮಟ್ಟದವು ಎಂದುಕೊಳ್ಳುವುದು ತಪ್ಪು. ಲಾಸ್ ಏಂಜಲೀಸ್ ಪ್ರದೇಶದಲ್ಲಿ ಮೈಕ್ ಮಿಲಾರ್ಡ್ ಎಂಬಾತ ನಾಕಾಮಿಚಿ 550 ರೆಕಾರ್ಡರನ್ನು ಗಾಲಿಕುರ್ಚಿಯಲ್ಲಿ ಅಡಗಿಸಿಕೊಂಡು, ಎಕೆಜಿ ಕಂಪನಿಯ ಉತ್ತಮ ಮೈಕುಗಳೊಂದಿಗೆ ಸಭಾಂಗಣದೊಳಗೆ ಹೋಗುತ್ತಿದ್ದರು. 1977ರ ಜೂನ್ 21ರಂದು ಇಂಗಲ್‌ವುಡ್‌ನ ಫೋರಮ್‌ನಲ್ಲಿ ನಡೆದ ಲೆಡ್ ಜೆಪ್ಪೆಲಿನ್ ಕಾರ್ಯಕ್ರಮವನ್ನು ಅವರು ಮುದ್ರಿಸಿಕೊಂಡದ್ದು ಇಂದಿಗೂ ಈ ಕಲೆಯ ಅಳತೆಗೋಲಾಗಿದೆ. 1975ರ ಏಪ್ರಿಲ್ 26ರಂದು ಅವರು ಮುದ್ರಿಸಿದ ಪಿಂಕ್ ಫ್ಲಾಯ್ಡ್ ಕಾರ್ಯಕ್ರಮವು ಐವತ್ತು ವರ್ಷಗಳ ನಂತರ, 2025ರಲ್ಲಿ, ತಂಡದ ಅಧಿಕೃತ ಪ್ರಕಟಣೆಯ ಭಾಗವಾಗಿ ಹೊರಬಂತು. ಆದರೆ ಅಂತಹ ಒಂದು ಟೇಪು ಇಂದಿನ ಕಿವಿಗೆ ತಲುಪಬೇಕಾದರೆ ಅದನ್ನು ಯಾರೋ ಸರಿಯಾಗಿ ನುಡಿಸಿರಬೇಕು. ದುರಸ್ತಿ ಎಂದೊಡನೆ ಬಹಳ ಜನ ಕಂಪ್ಯೂಟರಿನ ತಂತ್ರಾಂಶಗಳನ್ನು ನೆನೆಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಕೆಲಸದ ಮುಕ್ಕಾಲು ಪಾಲು ಟೇಪು ತನ್ನನ್ನು ಓದುವ ಕಾಂತೀಯ ಹೆಡ್ಡಿಗೆ ತಾಗುವ ಸ್ಥಳದಲ್ಲೇ ಮುಗಿಯುತ್ತದೆ. ಅಲ್ಲಿ ಕಳೆದುಹೋದದ್ದನ್ನು ಆಮೇಲೆ ಯಾವ ತಂತ್ರಾಂಶವೂ ನಿಜವಾಗಿ ಮರಳಿಸಲಾರದು.

ಮೊದಲ ಪ್ರಶ್ನೆ, ಕೈಯಲ್ಲಿರುವುದು ಎಷ್ಟನೆಯ ತಲೆಮಾರಿನ ಟೇಪು ಎಂಬುದು. ಸಭಾಂಗಣದಲ್ಲಿ ಓಡಿದ ಟೇಪೇ ಮಾಸ್ಟರ್. ಅದರಿಂದ ಮಾಡಿದ ಪ್ರತಿ ಮೊದಲ ತಲೆಮಾರು, ಆ ಪ್ರತಿಯ ಪ್ರತಿ ಎರಡನೆಯದು. ಪ್ರತಿಯೊಂದು ನಕಲಿನಲ್ಲಿಯೂ ಹೊಸ ಟೇಪಿನ ಸುಯ್‌ಗುಡುವ ಹಿಸ್ ಶಬ್ದ ಹಳೆಯದರ ಮೇಲೆ ಕೂಡಿಕೊಳ್ಳುತ್ತದೆ. ಸಮಾನ ಮಟ್ಟದ ಎರಡು ಹಿಸ್‌ಗಳು ಸೇರಿದರೆ ಒಟ್ಟು ಮಟ್ಟ 3 ಡೆಸಿಬಲ್ ಏರುತ್ತದೆ, ನಾಲ್ಕು ಸೇರಿದರೆ 6 ಡೆಸಿಬಲ್. ಹಿಸ್‌ಗಿಂತಲೂ ಕೆಟ್ಟ ಸಂಗತಿಯೆಂದರೆ, ನಕಲು ಮಾಡಿದ ಯಂತ್ರಗಳ ವೇಗದ ದೋಷ, ಹೆಡ್ಡಿನ ಓರೆ, ಹಿಸ್ ತಗ್ಗಿಸುವ ಡಾಲ್ಬಿ ಗುಂಡಿಯನ್ನು ತಪ್ಪಾಗಿ ಒತ್ತಿದ್ದು ಇವೆಲ್ಲ ಒಂದರ ಮೇಲೊಂದು ಪದರವಾಗಿ ಕುಳಿತುಬಿಡುವುದು. ಆದ್ದರಿಂದ ಅನುಭವಿಗಳು ದುರಸ್ತಿಗೆ ಕೂರುವ ಮೊದಲು ಇನ್ನೂ ಹಿಂದಿನ ತಲೆಮಾರಿನ ಟೇಪು ಸಿಗುವುದೇ ಎಂದು ಹುಡುಕುತ್ತಾರೆ. ಐದನೆಯ ತಲೆಮಾರಿನ ನಕಲಿನ ಮೇಲೆ ವಾರಗಟ್ಟಲೆ ದುಡಿಯುವುದಕ್ಕಿಂತ ಮೊದಲ ತಲೆಮಾರಿನ ಟೇಪನ್ನು ಒಮ್ಮೆ ಶುದ್ಧವಾಗಿ ನುಡಿಸುವುದು ಮೇಲು.

ಟೇಪು ಕೈಗೆ ಬಂದೊಡನೆ ಅದನ್ನು ಯಂತ್ರಕ್ಕೆ ಹಾಕಬಾರದು. ಕ್ಯಾಸೆಟ್ಟಿನ ಹಿಂಬದಿಯಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಕಿವಿಗಳಿರುತ್ತವೆ. ಅವು ಮುರಿದಿರದಿದ್ದರೆ ಮೊದಲು ಮುರಿಯಬೇಕು. ಅವು ಇರುವವರೆಗೆ ತಪ್ಪಿ ಒತ್ತಿದ ಒಂದು ಗುಂಡಿಯಿಂದ ಅರ್ಧ ಶತಮಾನದ ದಾಖಲೆ ಅಳಿಸಿಹೋಗಬಹುದು. ಅನಂತರ ನೋಡಬೇಕಾದದ್ದು ಟೇಪಿನ ಹಿಂದೆ ಇರುವ ಒತ್ತುಮೆತ್ತೆ. ತಾಮ್ರದ ಬಣ್ಣದ ಪುಟ್ಟ ಸ್ಪ್ರಿಂಗಿನ ಮೇಲೆ ಅಂಟಿಸಿದ ಈ ಮೆತ್ತೆ ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುತ್ತದೆ. ದಶಕಗಳು ಕಳೆದಂತೆ ಅಂಟು ಒಣಗಿ ಮೆತ್ತೆ ಉದುರುವುದು ಸಾಮಾನ್ಯ. ಹಾಗಾದಾಗ ಧ್ವನಿ ಮಂಕಾಗಿ ಏರಿಳಿಯುತ್ತದೆ, ಕೇಳುವವರು ಟೇಪೇ ಹಾಳಾಗಿದೆ ಎಂದು ಭ್ರಮಿಸುತ್ತಾರೆ. ಸ್ಕ್ರೂ ಹಾಕಿದ ಕವಚವಾದರೆ ಬಿಚ್ಚಿ ಸರಿಪಡಿಸಬಹುದು. ಬೆಸುಗೆ ಹಾಕಿದ ಕವಚವಾದರೆ ಅದನ್ನು ಎಚ್ಚರಿಕೆಯಿಂದ ಸೀಳಿ, ಟೇಪಿನ ಎರಡೂ ಸುರುಳಿಗಳನ್ನು ಹೊಸ ಸ್ಕ್ರೂ ಕವಚಕ್ಕೆ ಸ್ಥಳಾಂತರಿಸಬೇಕು. 90 ನಿಮಿಷದ ಕ್ಯಾಸೆಟ್ಟಿನ ಟೇಪು ಸುಮಾರು 12 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್) ದಪ್ಪ, 120 ನಿಮಿಷದ್ದು ಸುಮಾರು 9 ಮೈಕ್ರಾನ್ ಮಾತ್ರ. ಅಷ್ಟು ತೆಳುವಾದದ್ದು ಒಮ್ಮೆ ಮಡಿಕೆ ಬಿದ್ದರೆ ಆ ಗುರುತು ಹೋಗುವುದಿಲ್ಲ.

ರೀಲು ಟೇಪುಗಳ ರೋಗಗಳು ಬೇರೆ. 1970ರ ದಶಕದ ನಡುವಿನಿಂದ ಬಂದ ಕೆಲವು ಬಗೆಯ ಟೇಪುಗಳಲ್ಲಿ ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವವನ್ನು ಹೀರಿ ಜಿಗುಟಾಗುತ್ತದೆ. ಆ್ಯಂಪೆಕ್ಸ್ 456 ಈ ವಿಷಯದಲ್ಲಿ ಕುಖ್ಯಾತ. ನುಡಿಸಿದರೆ ಟೇಪು ಕಿರುಗುಟ್ಟುತ್ತದೆ, ಹೆಡ್ಡಿನ ಮೇಲೆ ಕಂದು ರಾಡಿ ಬಿಟ್ಟುಹೋಗುತ್ತದೆ. ಇದಕ್ಕೆ ಪರಿಹಾರವೆಂದರೆ ಸುಮಾರು 54 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎಂಟು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು, ಏರುಪೇರಿಲ್ಲದ ತಾಪಮಾನದಲ್ಲಿ ಟೇಪನ್ನು ಇಟ್ಟು ತೇವ ಹೊರಹಾಕುವುದು. ಇದು ತಾತ್ಕಾಲಿಕ ಗುಣ. ಕೆಲವು ವಾರಗಳಲ್ಲಿ ಜಿಗುಟು ಮರಳಬಹುದಾದ್ದರಿಂದ ಆ ಅವಧಿಯೊಳಗೆ ಮುದ್ರಿಸಿಕೊಳ್ಳಬೇಕು. ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡಿದ ಇನ್ನೂ ಹಳೆಯ ಟೇಪನ್ನು ಮಾತ್ರ ಎಂದಿಗೂ ಹೀಗೆ ಬಿಸಿ ಮಾಡಬಾರದು. ರೀಲನ್ನು ಬೆಳಕಿಗೆ ಅಡ್ಡ ಹಿಡಿದಾಗ ಸುರುಳಿಯ ಮೂಲಕ ಬೆಳಕು ಹಾದು ಬಂದರೆ ಅದು ಅಸಿಟೇಟ್, ಬಾರದಿದ್ದರೆ ಪಾಲಿಯೆಸ್ಟರ್. ಕ್ಯಾಸೆಟ್ಟುಗಳಲ್ಲಿ ಈ ಜಿಗುಟು ರೋಗ ಅಪರೂಪ. ಕಿರುಗುಟ್ಟಿದ ಪ್ರತಿ ಕ್ಯಾಸೆಟ್ಟನ್ನೂ ಬಿಸಿಗಿಡುವ ಉತ್ಸಾಹ ಬೇಡ.

ಈಗ ಎಲ್ಲಕ್ಕಿಂತ ಮುಖ್ಯವಾದ, ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಲ್ಪಟ್ಟ ವಿಷಯಕ್ಕೆ ಬರೋಣ. ಟೇಪಿನ ಹೆಡ್ಡಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೀಳೊಂದಿದೆ. ಈ ಸೀಳು ಟೇಪು ಓಡುವ ದಿಕ್ಕಿಗೆ ನೆಟ್ಟಗೆ ಲಂಬವಾಗಿರಬೇಕು. ಇದರ ಕೋನಕ್ಕೆ ಅಜಿಮತ್ ಎಂದು ಹೆಸರು. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಹಾಗಾಗಿ 10,000 ಹರ್ಟ್ಸ್‌ನ ಒಂದು ತಾರ ಸ್ವರ ಟೇಪಿನ ಮೇಲೆ ಬರೆಯಲ್ಪಟ್ಟಾಗ ಅದರ ಒಂದೊಂದು ಅಲೆಯ ಉದ್ದ 4.76 ಮೈಕ್ರಾನ್ ಮಾತ್ರ. ಸ್ಟೀರಿಯೋ ಕ್ಯಾಸೆಟ್ಟಿನ ಒಂದು ಟ್ರ್ಯಾಕಿನ, ಅಂದರೆ ಧ್ವನಿ ಬರೆದ ಪಟ್ಟಿಯ, ಅಗಲ ಸುಮಾರು 0.6 ಮಿಲಿಮೀಟರ್. ಈ ಅಗಲದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗುವಷ್ಟರಲ್ಲಿ ಸೀಳು ಒಂದು ಅಲೆಯಷ್ಟು ಓರೆಯಾದರೆ, ಅಲೆಯ ಉಬ್ಬೂ ತಗ್ಗೂ ಒಟ್ಟಿಗೆ ಓದಲ್ಪಟ್ಟು ಒಂದನ್ನೊಂದು ಅಳಿಸಿಹಾಕುತ್ತವೆ, ಆ ಸ್ವರವೇ ಮಾಯವಾಗುತ್ತದೆ. ಲೆಕ್ಕ ಹಾಕಿದರೆ ಇದಕ್ಕೆ ಬೇಕಾದ ಓರೆ ಅರ್ಧ ಡಿಗ್ರಿಗೂ ಕಡಿಮೆ, ಸುಮಾರು 0.45 ಡಿಗ್ರಿ. ಟ್ರ್ಯಾಕು ಇನ್ನೂ ಅಗಲವಾಗಿರುವ ಮೋನೋ ಟೇಪಿನಲ್ಲಿ 0.2 ಡಿಗ್ರಿಯೂ ಬೇಕಾಗದು. ಡ್ರಮ್ಮಿನ ತಾಳತಟ್ಟೆಗಳ ಝಣಝಣ, ಗಿಟಾರಿನ ತಂತಿಗೆ ಉಗುರು ತಾಗಿದ ಸದ್ದು, ಹಾಡುಗಾರನ ಸ-ಶ ಅಕ್ಷರಗಳು ಎಲ್ಲವೂ ಇರುವುದು ಈ ಎತ್ತರದಲ್ಲೇ.

ಹಳೆಯ ಟೇಪನ್ನು ಮುದ್ರಿಸಿದ ಯಂತ್ರದ ಹೆಡ್ಡು ಸರಿಯಾಗಿತ್ತು ಎಂದು ನಂಬಲು ಆಧಾರವಿಲ್ಲ. ನಮ್ಮ ಯಂತ್ರ ಕಾರ್ಖಾನೆಯ ಅಳತೆಗೆ ಸರಿಯಾಗಿದ್ದರೆ ಸಾಲದು, ಆ ಟೇಪನ್ನು ಬರೆದ ಯಂತ್ರದ ತಪ್ಪಿಗೆ ತಕ್ಕಂತೆ ನಾವೂ ಓರೆಯಾಗಬೇಕು. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗಿನ ಮೇಲೆ ಕುಳಿತ ಸಣ್ಣ ಸ್ಕ್ರೂ ಇರುತ್ತದೆ. ಎಡ ಬಲ ಎರಡೂ ಚಾನೆಲ್‌ಗಳನ್ನು ಕೂಡಿಸಿ ಮೋನೋ ಆಗಿ ಕೇಳುತ್ತಾ, ಜನರ ಚಪ್ಪಾಳೆ ಇರುವ ಒಂದು ತುಣುಕನ್ನು ಮತ್ತೆ ಮತ್ತೆ ನುಡಿಸುತ್ತಾ, ಆ ಸ್ಕ್ರೂವನ್ನು ಗಡಿಯಾರದ ಮುಳ್ಳು ಒಂದೆರಡು ನಿಮಿಷ ಸರಿಯುವಷ್ಟು ಮಾತ್ರ ತಿರುಗಿಸಬೇಕು. ಒಂದು ಬಿಂದುವಿನಲ್ಲಿ ಕಂಬಳಿ ಸರಿಸಿದಂತೆ ಚಪ್ಪಾಳೆ ಗರಿಗರಿಯಾಗಿ ತೆರೆದುಕೊಳ್ಳುತ್ತದೆ, ಅದನ್ನು ದಾಟಿದೊಡನೆ ಮತ್ತೆ ಮಂಕಾಗುತ್ತದೆ. ಈ ಕೆಲಸಕ್ಕೆ ಹಾಡಿಗಿಂತ ಚಪ್ಪಾಳೆಯೇ ಒಳ್ಳೆಯದು, ಏಕೆಂದರೆ ಅದರಲ್ಲಿ ಎಲ್ಲ ಎತ್ತರದ ಸದ್ದುಗಳೂ ಒಟ್ಟಿಗಿವೆ. ಎ ಬದಿಗೆ ಸರಿಹೋದದ್ದು ಬಿ ಬದಿಗೆ ಸರಿಹೋಗುತ್ತದೆ ಎಂದುಕೊಳ್ಳಬಾರದು, ಟೇಪು ತಿರುವಿ ಹಾಕಿದಾಗಲೆಲ್ಲ ಮತ್ತೆ ನೋಡಬೇಕು. 1982ರಲ್ಲಿ ಬಂದ ನಾಕಾಮಿಚಿ ಡ್ರ್ಯಾಗನ್ ಯಂತ್ರ ಈ ಹೊಂದಾಣಿಕೆಯನ್ನು ತಾನಾಗಿಯೇ ಮಾಡುತ್ತಿದ್ದುದರಿಂದಲೇ ಅದಕ್ಕೆ ಇಂದಿಗೂ ಅಷ್ಟು ಬೇಡಿಕೆ. ಆದರೆ ಹಿಂದಿನ ಯಾವುದೋ ತಲೆಮಾರಿನ ನಕಲಿನಲ್ಲಿ ಆದ ಓರೆಯನ್ನು ಸ್ಕ್ರೂ ತಿರುಗಿಸಿ ಸರಿಪಡಿಸಲಾಗದು. ಆಗ ಎರಡು ಚಾನೆಲ್‌ಗಳ ನಡುವಿನ ಕಾಲದ ಅಂತರವನ್ನು ಕಂಪ್ಯೂಟರಿನಲ್ಲಿ ಸರಿಹೊಂದಿಸಬಹುದು, ಹೋದ ತಾರ ಸ್ವರಗಳು ಹೋದವೇ.

ಡಾಲ್ಬಿ ಬಿ ಎಂಬ ಹಿಸ್ ತಗ್ಗಿಸುವ ವ್ಯವಸ್ಥೆಯೂ ಇಲ್ಲೇ ತೊಡಕು ತರುತ್ತದೆ. ಅದು ಮುದ್ರಿಸುವಾಗ ಮೆಲ್ಲಗಿನ ತಾರ ಸ್ವರಗಳನ್ನು ಎತ್ತಿ, ನುಡಿಸುವಾಗ ಅಷ್ಟೇ ಇಳಿಸುತ್ತದೆ. ಇಳಿಸುವಾಗ ಹಿಸ್ ಕೂಡ ಇಳಿಯುತ್ತದೆ. ಎತ್ತದಿದ್ದ ಟೇಪನ್ನು ಇಳಿಸಿದರೆ ಸದ್ದು ಉಸಿರುಗಟ್ಟಿದಂತೆ ಕೇಳಿಸುತ್ತದೆ, ಎತ್ತಿದ್ದನ್ನು ಇಳಿಸದಿದ್ದರೆ ಚುರುಕಾಗಿ ಕಿವಿ ಚುಚ್ಚುತ್ತದೆ. ಪೆಟ್ಟಿಗೆಯ ಮೇಲೆ ಬರೆದ ಗುರುತನ್ನು ನಂಬುವುದಕ್ಕಿಂತ ಎರಡೂ ರೀತಿಯಲ್ಲಿ ಕೇಳಿ ನಿರ್ಧರಿಸುವುದು ಕ್ಷೇಮ. ಅಜಿಮತ್ ತಪ್ಪಿದ್ದರೆ ತಾರ ಸ್ವರಗಳ ಮಟ್ಟವೇ ತಪ್ಪಾಗಿ, ಡಾಲ್ಬಿ ಅವನ್ನು ಇನ್ನಷ್ಟು ತಗ್ಗಿಸುತ್ತದೆ. ಆದ್ದರಿಂದ ಅಜಿಮತ್ ಮೊದಲು, ಡಾಲ್ಬಿ ಆಮೇಲೆ. ಸಂದೇಹವಿದ್ದಾಗ ಡಾಲ್ಬಿ ಇಲ್ಲದೆ ಮುದ್ರಿಸಿಕೊಂಡರೆ ಒಳಿತು. ಆ ಇಳಿಕೆಯನ್ನು ಈಗ ಕಂಪ್ಯೂಟರಿನಲ್ಲೂ ಮಾಡಬಹುದು.

ಡಿಜಿಟಲ್ ಮುದ್ರಣದ ಬಗ್ಗೆ ಹೇಳಲು ಹೆಚ್ಚಿಲ್ಲ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐಎಎಸ್‌ಎ ಪ್ರತಿ ಅಳತೆಗೆ ಕನಿಷ್ಠ 24 ಬಿಟ್, ಸೆಕೆಂಡಿಗೆ ಕನಿಷ್ಠ 48,000 ಅಳತೆ (48 ಕಿಲೋಹರ್ಟ್ಸ್) ಇರಲಿ ಎನ್ನುತ್ತದೆ. ಹೆಚ್ಚಿನವರು 96 ಕಿಲೋಹರ್ಟ್ಸ್ ಬಳಸುತ್ತಾರೆ. 24 ಬಿಟ್ ಬೇಕೆನ್ನುವುದು ಕ್ಯಾಸೆಟ್ಟಿನಲ್ಲಿ ಅಷ್ಟು ಸೂಕ್ಷ್ಮತೆ ಇರುವುದರಿಂದಲ್ಲ, ಮಟ್ಟವನ್ನು ಧಾರಾಳವಾಗಿ ತಗ್ಗಿಸಿಟ್ಟು ಮುದ್ರಿಸಲು ಜಾಗ ಸಿಗುತ್ತದೆ ಎಂಬುದರಿಂದ. ಅನಿರೀಕ್ಷಿತವಾಗಿ ಪಕ್ಕದವನು ಹಾಕಿದ ಸಿಳ್ಳೆಯೊಂದು ಮಿತಿ ಮೀರಿ ಕತ್ತರಿಸಿಹೋಗಬಾರದು. 24 ಬಿಟ್, 96 ಕಿಲೋಹರ್ಟ್ಸ್ ಲೆಕ್ಕದಲ್ಲಿ 90 ನಿಮಿಷದ ಸ್ಟೀರಿಯೋ ಟೇಪು ಸುಮಾರು 3.1 ಗಿಗಾಬೈಟ್ ಆಗುತ್ತದೆ. ಈ ಕಚ್ಚಾ ಕಡತವನ್ನು ಹಾಗೆಯೇ ಎತ್ತಿಡಬೇಕು. ಮುಂದಿನ ಎಲ್ಲ ಕೆಲಸವೂ ಅದರ ಪ್ರತಿಯ ಮೇಲೆ.

ಕಂಪ್ಯೂಟರಿನಲ್ಲಿ ಮಾಡುವ ಕೆಲಸಗಳಲ್ಲಿ ಕೇಳುಗನಿಗೆ ಅತಿ ಹೆಚ್ಚು ಲಾಭ ತರುವುದು ಶ್ರುತಿಯನ್ನು ಸರಿಪಡಿಸುವುದು. ವಿಚಿತ್ರವೆಂದರೆ, ಹಿಸ್ ತೆಗೆಯಲು ದಿನಗಟ್ಟಲೆ ಕೂರುವವರೂ ಶ್ರುತಿಯನ್ನು ಗಮನಿಸದೆ ಬಿಟ್ಟಿರುತ್ತಾರೆ. ಸಭಾಂಗಣದಲ್ಲಿ ರೆಕಾರ್ಡರ್ ಬ್ಯಾಟರಿಯ ಮೇಲೆ ಓಡುತ್ತಿತ್ತು. ಬ್ಯಾಟರಿ ಸೊರಗಿದಂತೆ ಮೋಟಾರು ನಿಧಾನವಾಗುತ್ತದೆ. ನಿಧಾನವಾಗಿ ಮುದ್ರಿಸಿದ್ದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಅದು ವೇಗವಾಗಿ, ಏರಿದ ಶ್ರುತಿಯಲ್ಲಿ ಕೇಳಿಸುತ್ತದೆ. ಹೀಗಾಗಿ ಒಂದು ಬದಿಯ ಮೊದಲಲ್ಲಿ ಸರಿಯಿದ್ದ ಹಾಡುಗಾರನ ದನಿ ಬದಿಯ ಕೊನೆಗೆ ಬರುವಷ್ಟರಲ್ಲಿ ಕೀರಲಾಗಿಬಿಟ್ಟಿರುತ್ತದೆ.

ನಿಜವಾದ ಶ್ರುತಿ ಯಾವುದೆಂದು ತಿಳಿಯಲು ಟೇಪಿನೊಳಗೇ ಸಾಕ್ಷಿಗಳಿವೆ. ಗಿಟಾರುಗಳು ಎ ಸ್ವರಕ್ಕೆ 440 ಹರ್ಟ್ಸ್ ಇಟ್ಟು ಶ್ರುತಿ ಮಾಡಿಕೊಂಡಿದ್ದವೆಂದು ಊಹಿಸಬಹುದು, ಆದರೆ ಕೆಲವು ತಂಡಗಳು ಅರ್ಧ ಸ್ವರ ಇಳಿಸಿಕೊಂಡು ನುಡಿಸುತ್ತಿದ್ದವು. ಇದಕ್ಕಿಂತ ನಂಬಿಕಸ್ಥ ಸಾಕ್ಷಿ ಹ್ಯಾಮಂಡ್ ಆರ್ಗನ್. ಡೀಪ್ ಪರ್ಪಲ್ ತಂಡದ ಜಾನ್ ಲಾರ್ಡ್, ಕೀತ್ ಎಮರ್ಸನ್ ಮುಂತಾದವರು ನುಡಿಸುತ್ತಿದ್ದ ಆ ವಾದ್ಯದೊಳಗೆ ಹಲ್ಲಿನ ಚಕ್ರಗಳು ತಿರುಗುತ್ತವೆ. ಅವನ್ನು ತಿರುಗಿಸುವ ಮೋಟಾರು ವಿದ್ಯುತ್ ಸರಬರಾಜಿನ ಕಂಪನಕ್ಕೆ ಬಿಗಿಯಾಗಿ ಕಟ್ಟುಬಿದ್ದಿರುತ್ತದೆ. ಅಮೆರಿಕದ 60 ಹರ್ಟ್ಸ್ ವಿದ್ಯುತ್ತಿಗೆಂದು ಮಾಡಿದ ಆರ್ಗನ್ ಅಮೆರಿಕದಲ್ಲಿ ನುಡಿದರೆ ಅದರ ಎ ಸ್ವರ 440ರಲ್ಲೇ ಇರುತ್ತದೆ. ಅದನ್ನು ಏರಿಸಲು ಇಳಿಸಲು ವಾದಕನಿಗೆ ತಿರುಪೇ ಇಲ್ಲವಾದ್ದರಿಂದ ಉಳಿದವರೇ ಅದಕ್ಕೆ ಶ್ರುತಿ ಸೇರಿಸಬೇಕಿತ್ತು. ಆರ್ಗನ್ ಇರುವ ಹಾಡೊಂದು ಸಿಕ್ಕರೆ ದುರಸ್ತಿಗಾರನ ಅರ್ಧ ತಲೆನೋವು ಮುಗಿಯಿತು.

ಆರ್ಗನ್ ಇಲ್ಲದಿದ್ದರೆ ಸ್ಪೀಕರುಗಳ ಗುಂಯ್‌ಗುಡುವಿಕೆಯನ್ನು ಹಿಡಿಯಬೇಕು. ಹಾಡುಗಳ ನಡುವಿನ ಮೌನದಲ್ಲಿ ಆಂಪ್ಲಿಫೈಯರುಗಳ ಹಮ್ ಕೇಳಿಸುತ್ತದೆ. ಅಮೆರಿಕದಲ್ಲಿ ಅದು 60 ಹರ್ಟ್ಸ್ ಮತ್ತು ಅದರ ಗುಣಕಗಳಾದ 120, 180ರಲ್ಲಿ, ಯೂರೋಪಿನಲ್ಲಿ 50, 100, 150ರಲ್ಲಿ ಇರಬೇಕು. ಸದ್ದಿನ ಕಂಪನಗಳನ್ನು ಗೆರೆಗಳಾಗಿ ತೋರಿಸುವ ಕಂಪ್ಯೂಟರಿನ ಚಿತ್ರಪಟಲದಲ್ಲಿ, ಅಮೆರಿಕದ ಒಂದು ಟೇಪಿನಲ್ಲಿ 120ರಲ್ಲಿರಬೇಕಾದ ಗೆರೆ 124ರಲ್ಲಿದೆ ಎಂದಿಟ್ಟುಕೊಳ್ಳಿ. ಟೇಪು ಶೇಕಡಾ 3.3ರಷ್ಟು ವೇಗವಾಗಿದೆ ಎಂದಾಯಿತು. ಅರ್ಧ ಸ್ವರದ ಅಂತರ ಶೇಕಡಾ 5.9ರಷ್ಟಿರುವುದರಿಂದ, ಹಾಡು ಅಕ್ಕಪಕ್ಕದ ಎರಡು ಸ್ವರಸ್ಥಾನಗಳ ನಡುವೆ ಎಲ್ಲೋ ತೇಲುತ್ತಿದೆ. ಹತ್ತು ನಿಮಿಷದ ಹಾಡು ಒಂಬತ್ತು ನಿಮಿಷ ನಲವತ್ತೊಂದು ಸೆಕೆಂಡಿಗೇ ಮುಗಿಯುತ್ತಿದೆ. ಇಲ್ಲೊಂದು ಬಲೆಯಿದೆ. ಆ ಹಮ್ ಸಭಾಂಗಣದ್ದಾಗಿರದೆ ಎಷ್ಟೋ ವರ್ಷಗಳ ನಂತರ ನಕಲು ಮಾಡಿದ ಯಂತ್ರದ್ದೂ ಆಗಿರಬಹುದು. ಸಂಗೀತದ ಶ್ರುತಿ ಏರುತ್ತಾ ಹೋದರೂ ಹಮ್‌ನ ಗೆರೆ ಕದಲದೆ ನಿಂತಿದ್ದರೆ, ಅಥವಾ ಸಭಾಂಗಣದ ಸದ್ದು ಶುರುವಾಗುವ ಮೊದಲೇ ಅದು ಇದ್ದರೆ, ಅದು ಸುಳ್ಳು ಸಾಕ್ಷಿ.

ಅಳತೆ ಸಿಕ್ಕ ಮೇಲೆ ಹಾಡಿನಿಂದ ಹಾಡಿಗೆ, ಬೇಕಾದರೆ ನಿಮಿಷದಿಂದ ನಿಮಿಷಕ್ಕೆ, ವೇಗದ ಒಂದು ವಕ್ರರೇಖೆಯನ್ನು ಬರೆದು ತಿದ್ದಬೇಕು. ತಿದ್ದುವಾಗ ಶ್ರುತಿ ಮತ್ತು ಕಾಲಪ್ರಮಾಣ ಎರಡೂ ಒಟ್ಟಿಗೆ ಬದಲಾಗಬೇಕು, ಏಕೆಂದರೆ ಟೇಪಿನಲ್ಲಿ ಕೆಟ್ಟದ್ದೂ ಎರಡೂ ಒಟ್ಟಿಗೆ. ಕಾಲವನ್ನು ಹಾಗೆಯೇ ಉಳಿಸಿ ಶ್ರುತಿಯನ್ನು ಮಾತ್ರ ಸರಿಸುವ ಸಾಧನ ಇಲ್ಲಿ ತಪ್ಪು ಸಾಧನ. ವೃತ್ತಿಪರ ರೀಲು ಟೇಪುಗಳಿಗೆ ಇನ್ನೂ ಸೂಕ್ಷ್ಮವಾದ ಉಪಾಯವಿದೆ. ಮುದ್ರಿಸುವಾಗ ಸೇರಿಸುವ, ಕಿವಿಗೆ ಕೇಳದ ಬಯಾಸ್ ಸ್ವರದ ಕ್ಷೀಣ ಉಳಿಕೆಯನ್ನು ವಿಶೇಷ ಹೆಡ್ಡಿನಿಂದ ಓದಿ, ಅದರ ನಡುಕದಿಂದಲೇ ಟೇಪಿನ ನಡುಕವನ್ನು ಅಳೆದು ತೆಗೆಯುವ ಪ್ಲಾಂಜೆಂಟ್ ಎಂಬ ವಿಧಾನ ಅದು. ಗ್ರೇಟ್‌ಫುಲ್ ಡೆಡ್ ತಂಡದ ಅಧಿಕೃತ ಪ್ರಕಟಣೆಗಳಲ್ಲಿ ಅದನ್ನು ಬಳಸಿದ್ದಾರೆ.

ಕ್ಯಾಸೆಟ್ಟಿನ ಒಂದು ಬದಿ 45 ನಿಮಿಷಕ್ಕೆ ಮುಗಿಯುತ್ತದೆ, ಕಾರ್ಯಕ್ರಮ ಮುಗಿಯುವುದಿಲ್ಲ. ಕತ್ತಲಲ್ಲಿ ಟೇಪು ತಿರುವಿ ಹಾಕುವಷ್ಟರಲ್ಲಿ ಹಾಡಿನ ಒಂದಿಷ್ಟು ಭಾಗ ತಪ್ಪಿಹೋಗಿರುತ್ತದೆ. ಅದೇ ರಾತ್ರಿ ಬೇರೆ ಯಾರಾದರೂ ಮುದ್ರಿಸಿದ್ದರೆ ಆ ಟೇಪಿನಿಂದ ತುಂಡು ತೆಗೆದು ತೇಪೆ ಹಾಕಬಹುದು. ಆದರೆ ಎರಡೂ ಟೇಪುಗಳ ವೇಗ ಮೊದಲೇ ಒಂದಾಗಿರಬೇಕು, ನಾದದ ಬಣ್ಣವನ್ನು ಹತ್ತಿರ ತರಬೇಕು, ಜೋಡಣೆಯನ್ನು ಡ್ರಮ್ಮಿನ ಗಟ್ಟಿ ಪೆಟ್ಟಿನ ಹಿಂದೆ ಅಡಗಿಸಬೇಕು. ಆಡಿಯನ್ಸ್ ಟೇಪನ್ನು ಸೌಂಡ್‌ಬೋರ್ಡ್ ಟೇಪಿನೊಂದಿಗೆ ಬೆರೆಸುವವರಿಗೆ ಇನ್ನೊಂದು ಲೆಕ್ಕವಿದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ ಸ್ಪೀಕರಿನಿಂದ 34 ಮೀಟರ್ ದೂರ ಕುಳಿತವನ ಮೈಕಿಗೆ ಅದು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ತಲುಪಿರುತ್ತದೆ.

ಹಿಸ್ ತೆಗೆಯುವ ವಿಷಯದಲ್ಲಿ ನಾನು ಹಳೆಯ ಕಾಲದವನು. ಈ ತಂತ್ರಾಂಶಗಳಿಗೆ ಮೊದಲು ಬರಿಯ ಹಿಸ್ ಇರುವ ಒಂದು ತುಣುಕನ್ನು ಮಾದರಿಯಾಗಿ ತೋರಿಸಬೇಕು. ಆದರೆ ಆಡಿಯನ್ಸ್ ಟೇಪಿನಲ್ಲಿ ಬರಿಯ ಹಿಸ್ ಎಲ್ಲಿಯೂ ಇಲ್ಲ, ಸಾವಿರಾರು ಜನರ ಪಿಸುಮಾತು ಸದಾ ಅದರ ಜೊತೆಗಿರುತ್ತದೆ. ತಂತ್ರಾಂಶ ಆ ಜನರನ್ನೂ ಗದ್ದಲವೆಂದು ಕಲಿತು, ಅವರೊಂದಿಗೆ ತಾಳತಟ್ಟೆಯ ಝೇಂಕಾರದ ಬಾಲವನ್ನೂ ಸಭಾಂಗಣದ ಪ್ರತಿಧ್ವನಿಯನ್ನೂ ಕತ್ತರಿಸುತ್ತದೆ. ಉಳಿಯುವುದು ನೀರಿನಡಿಯ ಗುಳುಗುಳು. ಹಿಸ್ ಒಂದೇ ಸಮನೆ ಇದ್ದರೆ ಎರಡೇ ನಿಮಿಷದಲ್ಲಿ ಕಿವಿ ಅದನ್ನು ಮರೆಯುತ್ತದೆ, ಗುಳುಗುಳು ಶಬ್ದವನ್ನು ಎಂದೂ ಮರೆಯುವುದಿಲ್ಲ. ಗಾಯನ, ಡ್ರಮ್ಮು, ಗಿಟಾರುಗಳನ್ನು ಬೇರ್ಪಡಿಸಬಲ್ಲ ಹೊಸ ಯಂತ್ರಕಲಿಕೆಯ ಸಾಧನಗಳು ಕೆಲವು ಕಡೆ ನಿಜಕ್ಕೂ ಬೆರಗು ಹುಟ್ಟಿಸುತ್ತವೆ, ಆದರೆ ಅವು ಇಲ್ಲದ್ದನ್ನು ಊಹಿಸಿ ತುಂಬಲೂಬಲ್ಲವು. ಮೈಕಿನ ಪಕ್ಕದಲ್ಲೇ ತಟ್ಟಿದ ಎರಡು ಕೈಗಳ ಸದ್ದನ್ನು ಒಂದೊಂದಾಗಿ ಕೈಯಾರೆ ತಗ್ಗಿಸುವುದು, ಸಭಾಂಗಣದ ಮಂದ್ರದ ಗುಮ್ಮೆನ್ನುವಿಕೆಯನ್ನು ಸ್ವಲ್ಪ ಇಳಿಸುವುದು, ಒಂದು ಚಾನೆಲ್ ಕುಗ್ಗಿದ್ದರೆ ಎತ್ತುವುದು, ಇಷ್ಟು ಸಾಕು. ಎಲ್ಲವನ್ನೂ ಒಂದೇ ಎತ್ತರಕ್ಕೆ ತುಂಬಿ ಗಟ್ಟಿಯಾಗಿಸುವ ಲಿಮಿಟರ್ ಇಲ್ಲಿ ಬೇಡವೇ ಬೇಡ.

ಮುಗಿದ ಕೆಲಸವನ್ನು ಎಫ್‌ಎಲ್‌ಎಸಿ ಎಂಬ, ಒಂದು ಬಿಟ್ಟೂ ಕಳೆದುಕೊಳ್ಳದ ಸಂಕುಚಿತ ರೂಪದಲ್ಲಿ ಇಡುವುದು ರೂಢಿ. ಕಡತ ಬದಲಾಗಿಲ್ಲವೆಂದು ಯಾರಾದರೂ ಪರೀಕ್ಷಿಸಲು ಎಂಡಿ5 ಎಂಬ ಅಂಕೆಯ ಮುದ್ರೆಯನ್ನು ಜೊತೆಗಿಡುತ್ತಾರೆ. ಎಂಪಿ3 ಇಂದ ಮತ್ತೆ ಎಫ್‌ಎಲ್‌ಎಸಿ ಮಾಡಿ ಮೂಲವೆಂದು ಹಂಚುವವರೂ ಉಂಟು. ಚಿತ್ರಪಟಲದಲ್ಲಿ ಸಾಮಾನ್ಯವಾಗಿ 16,000 ಹರ್ಟ್ಸ್ ಬಳಿ ಕತ್ತಿಯಿಂದ ಕಡಿದಂತೆ ಕಾಣುವ ಗೆರೆಯಿಂದ ಅವರು ಸಿಕ್ಕಿಬೀಳುತ್ತಾರೆ. ಹಂಚುವ ಮುನ್ನ ಹಕ್ಕಿನ ಪ್ರಶ್ನೆಯೂ ಇದೆ. ಅನುಮತಿಯಿಲ್ಲದೆ ಕಾರ್ಯಕ್ರಮವನ್ನು ಮುದ್ರಿಸಿ ಮಾರುವುದರ ವಿರುದ್ಧ ಅಮೆರಿಕದಲ್ಲಿ 1994ರಿಂದ ಒಕ್ಕೂಟ ಸರ್ಕಾರದ ಕಾನೂನಿದೆ. ಇನ್ನೊಂದೆಡೆ ಗ್ರೇಟ್‌ಫುಲ್ ಡೆಡ್ ತಂಡ 1984ರ ಅಕ್ಟೋಬರಿನಿಂದ ಮುದ್ರಿಸುವವರಿಗೆಂದೇ ಸಭಾಂಗಣದಲ್ಲಿ ಜಾಗ ಮೀಸಲಿಟ್ಟಿತು, ಮಾರಬಾರದು ಎಂಬುದೊಂದೇ ದೊಡ್ಡ ಷರತ್ತು. ಇಂಟರ್ನೆಟ್ ಆರ್ಕೈವ್ 2002ರಲ್ಲಿ ಆರಂಭಿಸಿದ ಸಂಗ್ರಹವು ಒಪ್ಪಿಗೆ ಕೊಟ್ಟ ತಂಡಗಳ ಮುದ್ರಣಗಳನ್ನು ಮಾತ್ರ ಸೇರಿಸಿಕೊಳ್ಳುತ್ತದೆ.

ಕಡತಗಳ ಜೊತೆ ಹೋಗಬೇಕಾದ ಇನ್ನೊಂದು ವಸ್ತು ಅರ್ಧ ಪುಟದ ಸರಳ ಪಠ್ಯ. ಯಾವ ಮೈಕು, ಯಾವ ರೆಕಾರ್ಡರ್, ಎಷ್ಟನೆಯ ತಲೆಮಾರು, ಯಾವ ಯಂತ್ರದಲ್ಲಿ ನುಡಿಸಿದ್ದು, ಡಾಲ್ಬಿ ಇತ್ತೇ ಇಲ್ಲವೇ, ವೇಗವನ್ನು ಯಾವ ಸಾಕ್ಷಿಯ ಮೇಲೆ ಎಷ್ಟು ತಿದ್ದಿದ್ದು, ಎಷ್ಟನೆಯ ನಿಮಿಷದಲ್ಲಿ ಯಾವ ಟೇಪಿನಿಂದ ತೇಪೆ ಹಾಕಿದ್ದು ಎಂಬುದೆಲ್ಲ ಅದರಲ್ಲಿರಬೇಕು. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಬರೆಯಬೇಕು. ಟೇಪನ್ನು ಕೊನೆಯ ಸಲ ಪೂರ್ತಿ ನುಡಿಸಿ, ವೇಗವಾಗಿ ಹಿಂದಕ್ಕೆ ಸುತ್ತದೆ, ಸುರುಳಿ ಸಮನಾಗಿ ಕುಳಿತಿರುವ ಹಾಗೆಯೇ ಪೆಟ್ಟಿಗೆಗೆ ಹಾಕಿ ನೆಟ್ಟಗೆ ನಿಲ್ಲಿಸಿಡಬೇಕು. ಅದೇ ಪಠ್ಯದ ಒಂದು ಪ್ರತಿಯನ್ನು ಮಡಿಸಿ ಆ ಪೆಟ್ಟಿಗೆಯೊಳಗೂ ಇಡಬೇಕು.